ನಾಲ್ಕು ವರ್ಷದ ಮಗ ಬರೀ ಗೀಚುತ್ತಾನೆ, ಮನೆಯಲ್ಲಿ ಏನು ಮಾಡಿಸಬೇಕು?

ಪ್ರಶ್ನೆ: ನಾವು ಕೊಪ್ಪಳದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು, ಮಗಳಿಗೆ ಒಂದೂವರೆ ವರ್ಷ. ಬೇಸಿಗೆ ರಜೆಯಲ್ಲಾದರೂ ಮೊಬೈಲ್ ಬಿಡಿಸಬೇಕೆಂದು ಪೇಟೆಯಿಂದ ಕ್ರಾಫ್ಟ್ ಕಿಟ್ ತಂದೆ, ವಿಡಿಯೊ ನೋಡಿ ಕಾಗದದ ನವಿಲು, ಚಿಟ್ಟೆ ಮಾಡಿಸಲು ಹೋದೆ. ಮಗ ಐದು ನಿಮಿಷವೂ ಕೂರುವುದಿಲ್ಲ, ಕೊನೆಗೆ ನಾನೇ ಮಾಡಿ ಮುಗಿಸುತ್ತೇನೆ. ಚಿತ್ರ ಬರೆ ಎಂದರೆ ಗೀಚುತ್ತಾನೆ, ಅದೂ ಗೋಡೆಯ ಮೇಲೆ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಆಗಲೇ ಎಬಿಸಿಡಿ ಬರೆಯುತ್ತಾಳೆ. ಇವನು ಎಡಗೈಯಲ್ಲಿ ಬಳಪ ಹಿಡಿಯುತ್ತಾನೆಂದು ಅತ್ತೆಯವರು ಬೈಯುತ್ತಾರೆ, ರೋಗ ಬರುತ್ತದೆಂದು ಮಣ್ಣಿನಲ್ಲಿ ಆಡಲೂ ಬಿಡುವುದಿಲ್ಲ. ಏನು ಮಾಡಿಸಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಬರೆದಿರುವ ಮಟ್ಟಿಗೆ ಮಗನಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಕೊರತೆ ಇದ್ದರೆ ಅದು ನೀವು ತಂದ ಕಿಟ್‌ನಲ್ಲಿದೆ. ಕಾಗದದ ನವಿಲು ಹೇಗಿರಬೇಕೆಂಬುದನ್ನು ಬೇರೆ ಯಾರೋ ಮೊದಲೇ ನಿರ್ಧರಿಸಿಬಿಟ್ಟಿರುವಾಗ, ತೋರಿಸಿದ ಜಾಗದಲ್ಲಿ ಅಂಟು ಹಚ್ಚುವುದನ್ನು ಬಿಟ್ಟರೆ ಮಗುವಿಗೆ ಮಾಡಲು ಉಳಿಯುವ ಕೆಲಸವೇ ಇರುವುದಿಲ್ಲ. ಆ ಕೆಲಸವನ್ನು ಅದು ಐದು ನಿಮಿಷಕ್ಕೆ ಬಿಟ್ಟು ಎದ್ದರೆ ಅದರ ಬುದ್ಧಿ ಚೆನ್ನಾಗಿದೆ ಎಂದೇ ನಾನು ತಿಳಿಯುತ್ತೇನೆ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡಲು ಆರಂಭಿಸಿದ ಮೊದಲ ವರ್ಷದಲ್ಲಿ ಇಪ್ಪತ್ತು ಕಾಗದದ ಮೀನುಗಳನ್ನು ನಾನೇ ಕತ್ತರಿಸಿಕೊಂಡು ಹೋಗಿ, ಮಕ್ಕಳ ಕೈಗೆ ಒಂದೊಂದು ಕಪ್ಪು ಚುಕ್ಕೆ ಕೊಟ್ಟು, ಕಣ್ಣು ಅಂಟಿಸಿರಿ ಎಂದಿದ್ದೆ. ಒಬ್ಬ ಹುಡುಗಿ ಕಣ್ಣನ್ನು ಬಾಲಕ್ಕೆ ಅಂಟಿಸಿದಳು. ನಾನು ಅದನ್ನು ಕಿತ್ತು ಸರಿಯಾದ ಜಾಗಕ್ಕೆ ಅಂಟಿಸಿಕೊಟ್ಟೆ. ಆಮೇಲೆ ಕಾರ್ಯಕರ್ತೆ ಅವಳನ್ನು ಕೇಳಿದಾಗ, "ಹಿಂದಿನ ಮೀನ ಬರಾಕತ್ತೈತೋ ಇಲ್ಲೋ ಅಂತ ನೋಡಾಕತ್ತಿತ್ರಿ" ಎಂದಳಂತೆ. ಗೋಡೆಗೆ ತೂಗುಹಾಕಲು ಒಂದೇ ಅಚ್ಚಿನ ಇಪ್ಪತ್ತು ಮೀನುಗಳೇನೋ ನನಗೆ ಸಿಕ್ಕವು. ಆ ದಿನ ಆ ಕೋಣೆಯಲ್ಲಿ ಹುಟ್ಟಿದ್ದ ಒಂದೇ ಒಂದು ಹೊಸ ಯೋಚನೆಯನ್ನು ನಾನೇ ಕಿತ್ತು ಹಾಕಿದ್ದೆ.

ಈಗ ಗೀಚುವ ವಿಷಯಕ್ಕೆ ಬರೋಣ. ಮಕ್ಕಳ ಚಿತ್ರ ಒಂದು ಕ್ರಮದಲ್ಲಿ ಬೆಳೆಯುತ್ತದೆ. ಮಕ್ಕಳ ಕಲೆಯ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿ 1947ರಲ್ಲಿ ಬರೆದ ವಿಕ್ಟರ್ ಲೋವೆನ್‌ಫೆಲ್ಡ್ ಎರಡರಿಂದ ನಾಲ್ಕು ವರ್ಷದವರೆಗಿನ ಕಾಲವನ್ನು ಗೀಚುವ ಹಂತವೆಂದೇ ಕರೆದರು. ಆ ಗಡಿ ಪ್ರತಿ ಮಗುವಿಗೂ ಕೆಲವು ತಿಂಗಳು ಆಚೀಚೆ ಆಗುತ್ತದೆ. ಮೊದಲು ತೋಳು ಬೀಸಿದಂತೆ ಬರುವ ಗೆರೆಗಳು, ಆಮೇಲೆ ಸುತ್ತಿ ಸುತ್ತಿ ಬರುವ ಉರುಟು ಗೆರೆಗಳು, ಮೂರರ ಆಸುಪಾಸಿನಲ್ಲಿ ಆರಂಭವೂ ಕೊನೆಯೂ ಕೂಡಿದ ಒಂದು ವೃತ್ತ, ನಾಲ್ಕರ ಹೊತ್ತಿಗೆ ಅಡ್ಡ-ಉದ್ದ ಗೆರೆಗಳ ಕೂಡುಗುರುತು, ನಾಲ್ಕೂವರೆಯ ಸುತ್ತ ಚೌಕ, ಐದು ದಾಟಿದ ಮೇಲೆ ತ್ರಿಕೋನ. ನಡುವೆ ಒಂದು ದಿನ ಆ ವೃತ್ತಕ್ಕೆ ಎರಡು ಕಣ್ಣು ಬರುತ್ತವೆ, ಕೆಳಗೆ ಎರಡು ಉದ್ದ ಗೆರೆ ಇಳಿಯುತ್ತವೆ, ಹೊಟ್ಟೆಯೇ ಇಲ್ಲದೆ ತಲೆಯಿಂದಲೇ ಕಾಲು ಹೊರಟ ಒಬ್ಬ ಮನುಷ್ಯ ಕಾಗದದ ಮೇಲೆ ನಿಲ್ಲುತ್ತಾನೆ. ಜಗತ್ತಿನ ಬೇರೆ ಬೇರೆ ದೇಶಗಳ ಮಕ್ಕಳು ಯಾರೂ ಹೇಳಿಕೊಡದೆ ಈ ಮನುಷ್ಯನನ್ನು ಬರೆಯುತ್ತಾರೆ. ನಿಮ್ಮ ಮಗನ ಗೀಚಾಟದಲ್ಲಿ ಈಗ ಮುಚ್ಚಿದ ವೃತ್ತಗಳು ಕಾಣುತ್ತಿವೆಯೇ ನೋಡಿರಿ. ಕಾಣುತ್ತಿದ್ದರೆ ಆ ಮನುಷ್ಯ ಬರುವುದು ದೂರವಿಲ್ಲ. ಅವನು ಬಂದಾಗ ಮಾತ್ರ "ಹೊಟ್ಟೆ ಎಲ್ಲಿ?" ಎಂದು ದಯವಿಟ್ಟು ಕೇಳಬೇಡಿ.

ಕೇಳುವುದರ ಬಗ್ಗೆ ಇನ್ನೊಂದು ಮಾತು. "ಇದೇನು ಬರೆದಿ?" ಎಂಬ ಪ್ರಶ್ನೆಗೆ ಬಹಳ ಸಲ ಮಗುವಿನ ಬಳಿ ಉತ್ತರ ಇರುವುದಿಲ್ಲ, ಏಕೆಂದರೆ ಅದು ಏನನ್ನೋ ಬರೆಯಲು ಹೊರಟಿರುವುದಿಲ್ಲ, ಕೈ ಓಡಿದಂತೆ ಗೆರೆ ಹುಟ್ಟುವುದನ್ನು ನೋಡುವುದೇ ಅದಕ್ಕೆ ಸಾಕಾಗಿರುತ್ತದೆ. ಅದರ ಬದಲು ಕಂಡದ್ದನ್ನು ಹೇಳಿರಿ: "ಇಲ್ಲಿ ಬಹಳ ಜೋರಾಗಿ ಒತ್ತಿದ್ದೀ, ಇಲ್ಲಿ ಗೆರೆ ಸುತ್ತಿ ಸುತ್ತಿ ಬಂದಿದೆ." ಅವನು ತಾನಾಗಿ ಕಥೆ ಹೇಳಿದರೆ ಅದನ್ನು ಅವನದೇ ಮಾತಿನಲ್ಲಿ ಕಾಗದದ ಅಡಿಯಲ್ಲಿ ಬರೆದು, ಬೆರಳಿಟ್ಟು ಓದಿ ತೋರಿಸಿರಿ. ತಾನು ಆಡಿದ ಮಾತು ಅಕ್ಷರವಾಗಿ ಕುಳಿತು ಮತ್ತೆ ಮಾತಾಗುತ್ತದೆಂಬುದು ಅಂದೇ ಅವನಿಗೆ ತಿಳಿಯುತ್ತದೆ. ಚಾಕೊಲೇಟಿನ ಆಸೆ ತೋರಿಸಿ ಚಿತ್ರ ಬರೆಸುವುದನ್ನಂತೂ ಬಿಟ್ಟುಬಿಡಿ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಒಂದು ಶಿಶುವಿಹಾರದಲ್ಲಿ ಚಿತ್ರ ಬರೆಯುವುದರಲ್ಲಿ ಮೊದಲೇ ಆಸಕ್ತಿಯಿದ್ದ ಮಕ್ಕಳನ್ನು ಆರಿಸಿ, ಕೆಲವರಿಗೆ ಬರೆದರೆ ಬಹುಮಾನವಿದೆ ಎಂದು ಮುಂಚೆಯೇ ಹೇಳಿದ್ದರು. ಕೆಲವು ದಿನಗಳ ನಂತರ ಯಾರೂ ಹೇಳದೆ ಸುಮ್ಮನೆ ಬಣ್ಣದ ಪೆನ್ನು ಇಟ್ಟಾಗ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ತೊಡಗಿದರು. ಕೂಲಿ ಸಿಕ್ಕ ಕೆಲಸ ಆಟವಾಗಿ ಉಳಿಯಲಿಲ್ಲ.

ಪಕ್ಕದ ಮನೆಯ ಹುಡುಗಿ ಎಬಿಸಿಡಿ ಬರೆಯುವುದನ್ನು ನೋಡಿ ನೀವು ಕಳವಳಪಡಬೇಕಾಗಿಲ್ಲ. ಇಂಗ್ಲಿಷಿನ ಎ, ಕೆ, ಎಂ ಅಕ್ಷರಗಳಿಗೆ ಓರೆ ಗೆರೆ ಬೇಕು, ಮತ್ತು ಓರೆ ಗೆರೆ ಹೆಚ್ಚಿನ ಮಕ್ಕಳ ಕೈಗೆ ಹಿಡಿತಕ್ಕೆ ಬರುವುದು ನಾಲ್ಕೂವರೆ, ಐದರ ಹೊತ್ತಿಗೆ. ಅದಕ್ಕೆ ಮೊದಲೇ ಬರೆಸಿದರೆ ಮಗು ಅಕ್ಷರದ ಆಕಾರವನ್ನು ನಕಲು ಮಾಡಬಹುದಾದರೂ ಬೆರಳುಗಳು ಸೋಲುತ್ತವೆ. ನಮ್ಮ ಕನ್ನಡದ ಲಿಪಿ ದುಂಡಗಿನದು. ನಿಮ್ಮ ಮಗ ಗೋಡೆಯ ಮೇಲೆ ಸುತ್ತುತ್ತಿರುವ ವೃತ್ತಗಳೇ ನಾಳೆ ಅವನು ಬರೆಯುವ ಅಕ್ಷರಗಳಿಗೆ ತಾಲೀಮು. ಎಡಗೈಯನ್ನು ಬಿಡಿಸಲು ಹೋಗಬೇಡಿ. ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರಾಗಿರುತ್ತಾರೆ, ಅದು ಮೆದುಳಿನ ರಚನೆಗೆ ಸೇರಿದ ಸಂಗತಿ, ದುರಭ್ಯಾಸವಲ್ಲ. ಊಟದ ಕೈಯ ವಿಷಯದಲ್ಲಿ ಅತ್ತೆಯವರಿಗೆ ಸಂಪ್ರದಾಯದ ಒತ್ತಾಯವಿದ್ದರೆ ಅದನ್ನು ಬೇರೆಯಾಗಿ ಮಾತಾಡಿಕೊಳ್ಳಿ. ಬಳಪ ಹಿಡಿಯುವ ಕೈಯನ್ನು ಮಾತ್ರ ಅವನಿಗೇ ಬಿಡಿ.

ಗೋಡೆಯ ತೊಂದರೆಗೆ ನಮ್ಮ ಕೊಪ್ಪಳದ ಬಿಸಿಲೇ ಪರಿಹಾರ. ಒಂದು ಚಿಕ್ಕ ಬಕೀಟಿನಲ್ಲಿ ನೀರು, ಸುಣ್ಣ ಬಳಿಯುವಂಥ ಒಂದು ಅಗಲ ಕುಂಚ ಕೊಟ್ಟು ಅಂಗಳದ ಹಾಸುಗಲ್ಲಿನ ಮೇಲೋ ಹೊರಗೋಡೆಯ ಮೇಲೋ ನೀರಿನಿಂದ "ಬಣ್ಣ" ಹಚ್ಚಲು ಬಿಡಿ. ಒದ್ದೆಯಾದಲ್ಲಿ ಕಲ್ಲು ಕಪ್ಪಾಗುತ್ತದೆ, ಐದಾರು ನಿಮಿಷದಲ್ಲಿ ಗೆರೆ ಮಾಯವಾಗುತ್ತದೆ, ಮಗು ಮತ್ತೆ ಬರೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಮಾತ್ರ ಈ ಆಟ. ಭುಜದಿಂದ ತೋಳು ಬೀಸಿ ಬರೆಯುವ ಈ ಕೆಲಸವೇ ಕೊನೆಗೆ ಬೆರಳಿನ ಹಿಡಿತಕ್ಕೆ ಬುನಾದಿ, ಏಕೆಂದರೆ ಮಕ್ಕಳಲ್ಲಿ ಬಲವೂ ಹಿಡಿತವೂ ಮೊದಲು ಭುಜಕ್ಕೆ ಬಂದು ಆಮೇಲೆ ಮಣಿಕಟ್ಟಿಗೆ, ಬೆರಳಿಗೆ ಇಳಿಯುತ್ತವೆ. ಮನೆಯೊಳಗೆ ಬೇಕಾದರೆ ಹಳೆಯ ಕ್ಯಾಲೆಂಡರ್‌ಗಳ ಹಿಂಬದಿಯನ್ನು ಜೋಡಿಸಿ ಅವನ ಎತ್ತರಕ್ಕೆ ಗೋಡೆಗೆ ಅಂಟಿಸಿ, "ಇದು ನಿನ್ನ ಗೋಡೆ, ಉಳಿದದ್ದು ಮಾಲೀಕರ ಗೋಡೆ" ಎಂದು ಹೇಳಿರಿ. ಹತ್ತು ಸಲ ಹೇಳಬೇಕಾಗುತ್ತದೆ, ಹೇಳಿರಿ. ಪಾಟಿ-ಬಳಪವೂ ಒಳ್ಳೆಯದು, ಆದರೆ ಪಾಟಿಯ ಚಿತ್ರ ಅಳಿಸಿಹೋಗುವುದರಿಂದ ವಾರಕ್ಕೆ ಒಂದೆರಡಾದರೂ ಚಿತ್ರ ಕಾಗದದ ಮೇಲಿರಲಿ, ಹಿಂದುಗಡೆ ತಾರೀಖು ಬರೆದು ಒಂದು ಚೀಲದಲ್ಲಿ ಇಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಇನ್ನು ಹಿಟ್ಟು. ನಿಮ್ಮ ಮನೆಯಲ್ಲಿ ದಿನವೂ ರೊಟ್ಟಿ ಆಗುತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಅಂಟಿನ ಗುಣ ಇಲ್ಲ, ತಣ್ಣೀರಿನಲ್ಲಿ ಕಲಸಿದರೆ ಬಿರಿಯುತ್ತದೆ. ಎಸರು ಹಾಕಿ ನಾದಿದಾಗ ಬಿಸಿಗೆ ಪಿಷ್ಟ ಬೆಂದು ಹಿಟ್ಟಿಗೆ ಜಿಗಿ ಬರುತ್ತದೆ. ನೀವು ನಾದಿ ಆರಿಸಿದ ಹಿಟ್ಟಿನಲ್ಲಿ ನಿಂಬೆಹಣ್ಣಿನಷ್ಟನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನು ರೊಟ್ಟಿಯನ್ನೇ ಬಡಿಯಬೇಕೆಂದಿಲ್ಲ, ಹಾವು ಹೊಸೆಯಲಿ, ಉಂಡೆ ಕಟ್ಟಲಿ. ಬಾಯಿಗೆ ಹಾಕಿದರೂ ಹೆದರಿಕೆಯಿಲ್ಲ. ಹಲವು ದಿನ ಇಡುವಂಥ ಹಿಟ್ಟು ಬೇಕಾದರೆ ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ಒಂದು ಬಟ್ಟಲಿಗಿಂತ ಸ್ವಲ್ಪ ಕಡಿಮೆ ನೀರು, ಒಂದು ಚಮಚ ಎಣ್ಣೆ ಹಾಕಿ ನಾದಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಉಪ್ಪು ಹೆಚ್ಚಿರುವುದರಿಂದ ಬೇಗ ಕೆಡುವುದಿಲ್ಲ. ಆದರೆ ಅಷ್ಟು ಉಪ್ಪು ಚಿಕ್ಕ ಮಗುವಿನ ಹೊಟ್ಟೆಗೆ ಹೋದರೆ ಅಪಾಯ, ಆದ್ದರಿಂದ ಮಗಳು ಎದ್ದಿರುವಾಗ ಈ ಡಬ್ಬಿ ಕೆಳಗೆ ಇಳಿಯಬಾರದು.

ಮಣ್ಣಿನ ವಿಷಯದಲ್ಲಿ ಅತ್ತೆಯವರನ್ನು ಎದುರಾಳಿ ಮಾಡಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಮಣ್ಣಿನ ಕೆಲಸ ಬಲ್ಲವರು ಬಹುಶಃ ಅವರೇ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದಲ್ಲಿ ಗುಳ್ಳವ್ವ ಮಾಡದೆ ಅವರ ಬಾಲ್ಯ ಕಳೆದಿರಲಾರದು. "ಅತ್ತಿ, ನೀವು ಸಣ್ಣವರಿದ್ದಾಗ ಎತ್ತಿನ ಕೋಡು ಹೆಂಗ ಮಾಡತಿದ್ರಿ, ಮೊಮ್ಮಗಗ ತೋರಸ್ರಿ" ಎಂದು ಒಮ್ಮೆ ಕೇಳಿ ನೋಡಿ. ಅವರ ಹೆದರಿಕೆಯೂ ಪೂರ್ತಿ ಸುಳ್ಳಲ್ಲ. ಚರಂಡಿಯ ಬದಿಯ, ನಾಯಿ ಬೆಕ್ಕು ಗಲೀಜು ಮಾಡುವ ಜಾಗದ, ಔಷಧ ಹೊಡೆದ ಹತ್ತಿ ಹೊಲದ ಮಣ್ಣು ಖಂಡಿತ ಬೇಡ. ಕುಂಬಾರರ ಮನೆಯಿಂದ ಹದವಾದ ಮಣ್ಣನ್ನು ಕೇಳಿ ತರುವುದು ಎಲ್ಲಕ್ಕಿಂತ ಉತ್ತಮ. ಉಗುರು ಕತ್ತರಿಸಿರಿ, ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿರಿ, ವರ್ಷಕ್ಕೆ ಎರಡು ಸಲ ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಇಬ್ಬರಿಗೂ ತಪ್ಪಿಸಬೇಡಿ.

ಎರೆ ಮಣ್ಣನ್ನೇ ಬಳಸುವುದಾದರೆ ಅದರ ಸ್ವಭಾವ ತಿಳಿದಿರಲಿ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದು ಇದೇ ಕಾರಣಕ್ಕೆ, ಮಗು ಮಾಡಿದ ಎತ್ತಿನ ಕಾಲು ಮರುದಿನ ಮುರಿದು ಬೀಳುವುದೂ ಇದೇ ಕಾರಣಕ್ಕೆ. ಮಣ್ಣನ್ನು ಜರಡಿ ಹಿಡಿದು, ರಾತ್ರಿ ನೆನೆಹಾಕಿ, ನಾಲ್ಕು ಪಾಲು ಮಣ್ಣಿಗೆ ಒಂದು ಪಾಲಿನಷ್ಟು ಸಣ್ಣ ಮರಳು ಬೆರೆಸಿ ತುಳಿದರೆ ಬಿರುಕು ಕಡಿಮೆಯಾಗುತ್ತದೆ. ತುಳಿಯುವುದೂ ಆಟವೇ. ಕಾಲನ್ನು ಹೊಟ್ಟೆಗೆ ಕೂಡಿಸುವ ಕಡೆ ಎರಡೂ ಬದಿಗೆ ಕಡ್ಡಿಯಿಂದ ಗೀರಿ, ನೀರಾದ ಮಣ್ಣನ್ನು ಹಚ್ಚಿ ಒತ್ತಬೇಕು. ನೆರಳಿನಲ್ಲಿ, ಒದ್ದೆ ಬಟ್ಟೆ ಹೊದಿಸಿ ನಿಧಾನವಾಗಿ ಒಣಗಿಸಬೇಕು. ಇದನ್ನೆಲ್ಲ ಮೊದಲ ದಿನವೇ ಹೇಳಿಕೊಡಲು ಹೋಗಬೇಡಿ. ಕಾಲು ಒಮ್ಮೆ ಮುರಿಯಲಿ, ಅವನೇ ಬಂದು ಏಕೆ ಮುರಿಯಿತೆಂದು ಕೇಳಲಿ. ಅವನು ಮಾಡಿದ್ದು ಎತ್ತಿನಂತೆ ಕಾಣದೆ ಬದನೆಕಾಯಿಯಂತೆ ಕಂಡರೂ ನಿಮ್ಮ ಕೈ ಅದನ್ನು ತಿದ್ದಬಾರದು. ನೀವೂ ಪಕ್ಕದಲ್ಲಿ ಕುಳಿತು ನಿಮ್ಮದೇ ಒಂದನ್ನು ಮಾಡಬಹುದೇ ಎಂದು ತಾಯಂದಿರು ನನ್ನನ್ನು ಕೇಳುವುದುಂಟು. ಮಾಡಬಹುದು, ಆದರೆ ಮಗುವಿನದಕ್ಕಿಂತ ಬಹಳ ಚೆಂದ ಆಗದಂತೆ ಸ್ವಲ್ಪ ನಿಗಾ ಇರಲಿ. ಬಹಳ ಚೆಂದದ ಎತ್ತು ಎದುರಿಗೆ ಬಂದೊಡನೆ ನಾಲ್ಕು ವರ್ಷದ ಮಗು ತನ್ನದನ್ನು ಹಿಸುಕಿ, "ನೀನ ಮಾಡಿಕೊಡು" ಎಂದು ನಿಮ್ಮ ಕೈಗೆ ಕೊಡುತ್ತದೆ.

ನಿಮ್ಮೂರಿನ ಹತ್ತಿರವೇ ಕಿನ್ನಾಳವಿದೆ. ಒಂದು ಭಾನುವಾರ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಗೊಂಬೆ ಆಗುವುದನ್ನು ತೋರಿಸಿರಿ. ಕೊಳ್ಳದಿದ್ದರೂ ನಡೆಯುತ್ತದೆ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿಯ ಪುಡಿ, ಮರದ ಹೊಟ್ಟು, ಹುಣಸೆಬೀಜದ ಸರಿ ಬೆರೆಸಿದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಇದರದೇ ಒಂದು ಸರಳ ರೂಪ ನಿಮ್ಮ ಮನೆಯಲ್ಲೂ ಆಗುತ್ತದೆ: ಹಳೆಯ ಪತ್ರಿಕೆಯನ್ನು ಮಗನೇ ಚೂರು ಚೂರು ಹರಿಯಲಿ, ಅದನ್ನು ರಾತ್ರಿಯಿಡೀ ನೆನೆಸಿ ಹಿಂಡಿ, ಮೈದಾ ಕುದಿಸಿದ ಅಂಟಿನೊಂದಿಗೆ ಕಲಸಿದರೆ ಹದವಾದ ಮುದ್ದೆ ಸಿಗುತ್ತದೆ. ಅದನ್ನು ತಲೆಕೆಳಗಾಗಿಸಿದ ಬಟ್ಟಲಿನ ಮೇಲೆ ಎಣ್ಣೆ ಸವರಿ ಮೆತ್ತಿ, ಎರಡು ಮೂರು ದಿನ ಒಣಗಿಸಿದರೆ ಅವನದೇ ಒಂದು ಬುಟ್ಟಿ ಆಗುತ್ತದೆ. ಕಾಗದ ಹರಿಯುವುದಿದೆಯಲ್ಲ, ಕತ್ತರಿ ಹಿಡಿಯುವ ಮೊದಲು ಎರಡೂ ಕೈಯನ್ನು ಕೂಡಿ ದುಡಿಸಲು ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿದಿಲ್ಲ.

ಬಣ್ಣಕ್ಕೆ ಅಡುಗೆಮನೆ ಸಾಕು. ಬೀಟ್‌ರೂಟ್ ತುರಿದು ಹಿಂಡಿದ ರಸ, ಪಾಲಕ್ ರುಬ್ಬಿದ ನೀರು, ತೇಯ್ದ ಇದ್ದಿಲು, ನೆನೆಸಿ ಸೋಸಿದ ಕೆಮ್ಮಣ್ಣು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಅಂಶದಿಂದ ಬಂದದ್ದು. ಗಂಗಾವತಿಯ ಹಿರೇಬೆಣಕಲ್ ಬೆಟ್ಟದ ಬಂಡೆಗಳ ಮೇಲೆ ಆದಿಮಾನವರು ಬಿಡಿಸಿದ ಚಿತ್ರಗಳು ಸಾವಿರಾರು ವರ್ಷಗಳ ನಂತರವೂ ಕೆಂಪಾಗಿ ಉಳಿದಿರುವುದು ಇಂಥದೇ ಮಣ್ಣಿನ ಬಣ್ಣದಿಂದ. ಬೀಟ್‌ರೂಟಿನ ಬಣ್ಣ ಮಾತ್ರ ಬಿಸಿಲಿಗೆ ಬೇಗ ಮಾಸುತ್ತದೆ. ಅರಿಶಿನದ ನೀರಿನಿಂದ ಬರೆದ ಚಿತ್ರದ ಮೇಲೆ ಅಡುಗೆ ಸೋಡಾ ಕದಡಿದ ನೀರನ್ನು ಸವರಿದರೆ ಹಳದಿ ಕೆಂಪಾಗುತ್ತದೆ, ನಿಂಬೆರಸ ಸವರಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಈ ಒಂದು ಆಟಕ್ಕೆ ನಿಮ್ಮ ಮಗ ಐದು ನಿಮಿಷವಲ್ಲ, ಅರ್ಧ ಗಂಟೆ ಕುಳಿತರೂ ನನಗೆ ಆಶ್ಚರ್ಯವಿಲ್ಲ. ಆರತಿಯ ಕೆಂಪಿಗೆ ಸುಣ್ಣ ಬೆರೆಸುವುದು ರೂಢಿಯಾದರೂ ಮಕ್ಕಳ ಕೈಗೆ ಸುಣ್ಣ ಬೇಡ, ಕಣ್ಣಿಗೆ ಹಾರಿದರೆ ಸುಡುತ್ತದೆ. ಕುಂಚಕ್ಕೆ ಬೇವಿನ ಕಡ್ಡಿಯ ತುದಿಯನ್ನು ಜಜ್ಜಿಕೊಡಿ. ರಂಗೋಲಿ ಪುಡಿ ಕಲ್ಲಿನ ಧೂಳು, ಉಸಿರಿಗೆ ಹೋಗುತ್ತದೆ. ಅದರ ಬದಲು ಅಕ್ಕಿ ಹಿಟ್ಟು. ಮಿಕ್ಕ ಎಣ್ಣೆ ಬಣ್ಣದ ಡಬ್ಬಿಗಳು, ಹೋಳಿಯ ಬಣ್ಣ, ಕುಂಕುಮ ಇವು ಯಾವುವೂ ಬೇಡ, ಸೀಸದಂಥ ವಿಷದ ಅಂಶ ಇರಬಹುದು.

ನಟಿಸಿ ಆಡುವ ಆಟಕ್ಕೆ ನೀವು ಹೆಚ್ಚೇನೂ ಮಾಡಬೇಕಾಗಿಲ್ಲ, ಸಾಮಾನು ಕೊಟ್ಟು ದೂರ ಸರಿದರೆ ಸಾಕು. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಹಳೆಯ ಸೀರೆ, ಎರಡು ಹಗ್ಗ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ತೇರನ್ನು ಕಂಡ ಮಗು ಆ ಪೆಟ್ಟಿಗೆಯನ್ನು ಏನು ಮಾಡುತ್ತದೆಂದು ನಾನು ಹೇಳಬೇಕಾಗಿಲ್ಲ. ನೀವು ಉತ್ತತ್ತಿ ಎಸೆಯಲು ಕರೆ ಬಂದಾಗ ಹೋಗಿ ಎಸೆಯಿರಿ. ಜೋಳದ ದಂಟಿನ ಬೆಂಡಿನಲ್ಲಿ ಬಂಡಿ ಮಾಡುವುದೂ ಸೊಗಸಾದ ಕೆಲಸ, ಆದರೆ ದಂಟಿನ ಸಿಪ್ಪೆ ಬ್ಲೇಡಿನಂತೆ ಕೊಯ್ಯುತ್ತದೆ. ಸುಲಿಯುವುದು ದೊಡ್ಡವರ ಕೆಲಸ. ಬೆಂಡಿಗೆ ಕಡ್ಡಿ ಚುಚ್ಚಿ ಜೋಡಿಸುವುದು ಮಗನದು.

ಇಷ್ಟರಲ್ಲಿ ಒಂದೂವರೆ ವರ್ಷದ ಮಗಳನ್ನು ಮರೆಯುವಂತಿಲ್ಲ, ಏಕೆಂದರೆ ಅಣ್ಣನ ಆಟದ ಸಾಮಾನೆಲ್ಲ ಅವಳ ಬಾಯಿಗೆ ಹೋಗುತ್ತದೆ. ಶೇಂಗಾ, ಕಡಲೆ, ಹುಣಸೆಬೀಜ, ಗುಂಡಿ, ಮಣಿ ಇವು ಮೂರು ವರ್ಷದೊಳಗಿನ ಮಗುವಿನ ಉಸಿರು ಕಟ್ಟಿಸಬಲ್ಲವು. ಮೂಗಿಗೆ ಹೋದ ಕಡಲೆಕಾಳು ಅಲ್ಲಿಯೇ ನೆನೆದು ಉಬ್ಬುತ್ತದೆ, ಅದನ್ನು ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗದೆ ವೈದ್ಯರ ಬಳಿಗೆ ಓಡಬೇಕು. ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಗುಂಡುಗಳು ಮನೆಗೇ ಬರಬಾರದು, ನುಂಗಿದರೆ ಕರುಳಿನಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತವೆ. ಬೀಜ, ಮಣಿಗಳ ಆಟ ಅವಳು ಮಲಗಿದಾಗ, ಎಣಿಸಿ ಕೊಟ್ಟು ಎಣಿಸಿ ತೆಗೆದಿಡುವಂತೆ ಇರಲಿ. ನೀರಿನ ಬಕೀಟನ್ನು ಆಟ ಮುಗಿದ ಕೂಡಲೇ ಬರಿದುಮಾಡಿ ಮಗುಚಿ ಇಡಿ. ಗೇಣು ನೀರಿನಲ್ಲೂ ಈ ವಯಸ್ಸಿನ ಮಗು ಮುಳುಗುತ್ತದೆ. ಅಂಗಡಿಯ ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿರಿ, 2021ರ ಜನವರಿಯಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ.

ಮೊಬೈಲಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ ಹೀಗಿದೆ: ಮೂರು-ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ನಿಮ್ಮ ಮಗಳ ವಯಸ್ಸಿಗೆ ಒಂದು ನಿಮಿಷವೂ ಬೇಡ, ಮತ್ತು ಮಗನಿಗೆ ದಿನವಿಡೀ ಸೇರಿ ಕನಿಷ್ಠ ಮೂರು ಗಂಟೆ ಓಡಾಟ. ಒಮ್ಮೆಲೇ ಕಸಿದುಕೊಂಡರೆ ರಂಪ ಖಂಡಿತ. ನೀವು ಅಡುಗೆಗೆ ನಿಲ್ಲುವ ಹೊತ್ತಿನಲ್ಲೇ ಮೊಬೈಲ್ ಕೊಡುವ ರೂಢಿಯಿದ್ದರೆ, ಅದೇ ಹೊತ್ತಿಗೆ ಆ ಹಿಟ್ಟಿನ ಉಂಡೆ ಅವನ ಕೈಗೆ ಬರಲಿ.

ಕೊನೆಯದಾಗಿ, ಯಾವಾಗ ವೈದ್ಯರಿಗೆ ತೋರಿಸಬೇಕೆಂಬುದು. ನಾಲ್ಕು ದಾಟಿದ ಮಗು ಬಳಪವನ್ನು ಹಿಡಿದು ಗೆರೆ ಎಳೆಯಲಾರದಿದ್ದರೆ, ವೃತ್ತದ ಹತ್ತಿರವೂ ಬರದಿದ್ದರೆ, ನಟಿಸುವ ಆಟವನ್ನೇ ಆಡದಿದ್ದರೆ, ಕರೆದಾಗ ತಿರುಗದಿದ್ದರೆ, ಹೊರಗಿನವರಿಗೆ ಅದರ ಮಾತು ಬಹುಪಾಲು ತಿಳಿಯದಿದ್ದರೆ ತಡಮಾಡಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಅದರ ದಿನವನ್ನು ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಬಹುದು, ಇಲ್ಲವೇ ನೇರವಾಗಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಬಹುದು. ಹೋಗುವಾಗ ತಾರೀಖು ಬರೆದಿಟ್ಟ ಆ ಚಿತ್ರಗಳ ಚೀಲವನ್ನೂ ಒಯ್ಯಿರಿ. ಹೊಸ ಜಾಗದಲ್ಲಿ, ಹೊಸ ಮುಖಗಳ ಎದುರಿಗೆ ಮಗು ಪೆನ್ನು ಮುಟ್ಟದೆ ಕೂರಬಹುದು. ಮೂರು ತಿಂಗಳ ಹಿಂದಿನ ಗೆರೆ ಹೇಗಿತ್ತು, ಈಗಿನದು ಹೇಗಿದೆ ಎಂಬುದನ್ನು ಆ ಕಾಗದಗಳೇ ವೈದ್ಯರಿಗೆ ತೋರಿಸುತ್ತವೆ.